ಡಕ್ಟ್ ಸೋರಿದರೆ ಮನೆಯೊಳಗೆ ಬರುವುದು ಯಾವ ಗಾಳಿ?

"ವಾರಕ್ಕೆರಡು ಸಲ ಒರೆಸಿದರೂ ಮೇಜಿನ ಮೇಲೆ ಧೂಳು ಕೂತಿರುತ್ತದೆ." "ಊರಿಂದ ಬಂದ ಅಮ್ಮನಿಗೆ ಹೀಟರ್ ಶುರುವಾದ ಹತ್ತೇ ನಿಮಿಷಕ್ಕೆ ಕೆಮ್ಮು." "ಎಸಿ ಹಾಕಿದರೆ ಒಂದು ಕೋಣೆಯಲ್ಲಿ ಮಾತ್ರ ಮುಗ್ಗಲು ವಾಸನೆ. ಡಕ್ಟ್ ಕ್ಲೀನ್ ಮಾಡಿಸಿದರೆ ಹೋಗುತ್ತಾ?" ಅಮೆರಿಕದಲ್ಲಿ ಮನೆ ಕೊಂಡಿರುವ ಅಥವಾ ಬಾಡಿಗೆಗೆ ಹಿಡಿದಿರುವ ಕನ್ನಡದವರು ಸುತ್ತಿ ಬಳಸಿ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ.

ಕ್ಲೀನಿಂಗಿಗೆ ದುಡ್ಡು ಕೊಡುವ ಮುಂಚೆ ಡಕ್ಟ್, ಅಂದರೆ ಎಸಿ, ಹೀಟರಿನ ಗಾಳಿಯನ್ನು ಮನೆಯೆಲ್ಲ ಸಾಗಿಸುವ ಕೊಳವೆ, ಎಲ್ಲಿ ಸೋರುತ್ತಿದೆ ಎಂದು ನೋಡಿ. ಸೋರಿಕೆ ಹಾಗೇ ಇದ್ದರೆ ಇವತ್ತು ತೊಳೆದ ಡಕ್ಟು ಕೆಲವೇ ತಿಂಗಳಲ್ಲಿ ಮೊದಲಿನಂತೆಯೇ ಆಗುತ್ತದೆ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ ಡಕ್ಟ್ ಇರುವುದಿಲ್ಲ. ಅದು ಕೋಣೆಯ ಗಾಳಿಯನ್ನೇ ತಿರುಗಿಸಿ ತಣ್ಣಗೆ ಮಾಡುತ್ತದೆ. ನಿಮಗೆ ಈ ತಲೆನೋವಿಲ್ಲ. ಮಗನೋ ಮಗಳೋ ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದರೆ ಅವರಿಗೆ ಕಳಿಸಿ.

ಗಾಳಿ ಓಡಾಡುವ ದಾರಿ

ಈ ಮನೆಗಳಲ್ಲಿ ಎಲ್ಲೋ ಒಂದು ಕಡೆ ದೊಡ್ಡ ಫ್ಯಾನ್ ಇರುವ ಪೆಟ್ಟಿಗೆ ಇರುತ್ತದೆ. ಗ್ಯಾಸ್ ಉರಿಸುವಂಥದ್ದಾದರೆ ಫರ್ನೇಸ್ ಅನ್ನುತ್ತಾರೆ, ಇಲ್ಲದಿದ್ದರೆ ಏರ್ ಹ್ಯಾಂಡ್ಲರ್. ಇಲ್ಲಿ ಎರಡನ್ನೂ ಸುಮ್ನೆ ಪೆಟ್ಟಿಗೆ ಎಂದೇ ಕರೆಯುತ್ತೇನೆ. ಮನೆಯ ಗಾಳಿಯನ್ನು ಪೆಟ್ಟಿಗೆಗೆ ಎಳೆದುಕೊಂಡು ಹೋಗುವ ಕೊಳವೆ ರಿಟರ್ನ್. ಬಿಸಿಯೋ ತಂಪೋ ಮಾಡಿದ ಗಾಳಿಯನ್ನು ಕೋಣೆಗಳಿಗೆ ತಳ್ಳುವ ಕೊಳವೆ ಸಪ್ಲೈ. ಕೋಣೆಯಲ್ಲಿ ಕಾಣುವ ಸಣ್ಣ ಜಾಲರಿಗೆ ರಿಜಿಸ್ಟರ್ ಎನ್ನುತ್ತಾರೆ. ಹಜಾರದಲ್ಲಿರುವ ದೊಡ್ಡ ಜಾಲರಿ ಸಾಮಾನ್ಯವಾಗಿ ರಿಟರ್ನ್‌ನದು.

ಎರಡೂ ಕಡೆ ಸೋರಬಹುದು. ಆದರೆ ಸೋರುವ ರೀತಿ ಬೇರೆ.

ಸಪ್ಲೈ ಸೋರಿದರೆ ತೂತಾದ ಹೋಸ್ ಪೈಪ್ ಇದ್ದಂತೆ. ದುಡ್ಡು ಕೊಟ್ಟು ತಂಪು ಮಾಡಿದ ಗಾಳಿ ಅಟ್ಟದ ಪಾಲಾಗುತ್ತದೆ. ರಿಟರ್ನ್ ಸೋರಿದರೆ ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ. ನೀವು ಹೀರುವುದು ಎಳನೀರನ್ನು, ಬಾಯಿಗೆ ಬರುವುದು ಅರ್ಧ ಗಾಳಿ. ರಿಟರ್ನ್ ಡಕ್ಟ್ ಅಟ್ಟದಲ್ಲಿದ್ದರೆ ಅಲ್ಲಿನ ಧೂಳು, ಇನ್ಸುಲೇಶನ್ನಿನ ನಾರು ಒಳಗೆ ಬರುತ್ತದೆ. ನೆಲದಡಿಯಲ್ಲಿದ್ದರೆ ತೇವ, ಬೂಸ್ಟು, ಇಲಿ ಹಿಕ್ಕೆಯ ಧೂಳು. ಗ್ಯಾರೇಜಿನಲ್ಲಿದ್ದರೆ ಕಾರಿನ ಹೊಗೆ, ಪೆಟ್ರೋಲಿನ ಆವಿ, ಪೇಂಟ್ ಡಬ್ಬದ ವಾಸನೆ.

ಕರೆಂಟ್ ಬಿಲ್ಲಿನ ಚಿಂತೆ ಇರುವವರು ಸಪ್ಲೈ ಸೋರಿಕೆಯನ್ನು ಹುಡುಕುತ್ತಾರೆ. ಉಸಿರಿನ ಚಿಂತೆ ಇದ್ದರೆ ಮೊದಲು ರಿಟರ್ನ್ ನೋಡಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಕೈಗೆ ಗಾಳಿ ಬಡಿಯುವ ತೂತು ಬೇಗ ಸಿಗುತ್ತದೆ. ಗಾಳಿಯನ್ನು ಎಳೆದುಕೊಳ್ಳುವ ತೂತು ಸುಮ್ಮನಿರುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಸಪ್ಲೈ ಸೋರಿಕೆ ಗಾಳಿಯನ್ನು ಕೆಡಿಸುವುದಿಲ್ಲ ಎಂದಲ್ಲ. ಒಳಗಿನ ಗಾಳಿ ಅಟ್ಟಕ್ಕೆ ಹೋದರೆ ಅಷ್ಟು ಗಾಳಿ ಬೇರೆಲ್ಲಿಂದಾದರೂ ಮನೆಗೆ ಬರಲೇಬೇಕಲ್ವಾ? ಗೋಡೆಯ ಸಂದಿ, ಲೈಟಿನ ತೂತು, ಗ್ಯಾರೇಜ್ ಬಾಗಿಲು, ಬೇಸ್‌ಮೆಂಟಿನ ಬಿರುಕು, ದಾರಿ ಸಿಕ್ಕಲ್ಲಿಂದ ನುಗ್ಗುತ್ತದೆ. ಹ್ಯೂಸ್ಟನ್, ಫ್ಲೋರಿಡಾದಂಥ ಸೆಕೆಯ ಊರಿನಲ್ಲಿ ಹೀಗೆ ನುಗ್ಗಿದ ತೇವದ ಗಾಳಿ ಗೋಡೆಯೊಳಗಿನ ತಣ್ಣನೆ ಜಾಗ ಮುಟ್ಟಿ ನೀರಾಗುತ್ತದೆ. ಆಮೇಲೆ ಅಲ್ಲಿ ಬೂಸ್ಟು ಹಿಡಿಯುತ್ತದೆ.

ಸೋರಿಕೆ ಎಷ್ಟಿರುತ್ತದೆ? ಸಾಮಾನ್ಯ ಮನೆಯೊಂದರಲ್ಲಿ ಡಕ್ಟಿನೊಳಗೆ ಓಡುವ ಗಾಳಿಯಲ್ಲಿ ಶೇ. 20ರಿಂದ 30ರಷ್ಟು ಸೋರಿಯೇ ಹೋಗುತ್ತದೆ ಎಂಬುದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯ ಅಂದಾಜು. ಅಷ್ಟು ಬೇಡ, ಬರೀ ಶೇ. 10 ಎಂದಿಟ್ಟುಕೊಳ್ಳಿ. 3 ಟನ್ನಿನ ಎಸಿ ನಿಮಿಷಕ್ಕೆ ಸುಮಾರು 1,200 ಘನ ಅಡಿ ಗಾಳಿ ಓಡಿಸುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಅಟ್ಟದಿಂದ ಬಂದರೂ ಗಂಟೆಗೆ 7,200 ಘನ ಅಡಿ ಆಯಿತು. ಅಂದರೆ 10 ಅಡಿಗೆ 12 ಅಡಿಯ ಏಳು ಬೆಡ್‌ರೂಮು ತುಂಬಿ ಮಿಗುವಷ್ಟು ಅಟ್ಟದ ಗಾಳಿ, ಫ್ಯಾನ್ ಓಡುವ ಪ್ರತಿ ಗಂಟೆಗೂ.

ಬೇಕಾಗುವ ಸಾಮಾನು

ತಲೆಗೆ ಕಟ್ಟುವ ಟಾರ್ಚ್, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ, ಕೈಗವಸು. ಊದುಬತ್ತಿ, ಟಿಶ್ಯೂ ಪೇಪರ್, ಗುರುತು ಹಾಕಲು ಮಾರ್ಕರ್. ಮುಚ್ಚಲು ಮ್ಯಾಸ್ಟಿಕ್, ಅಗ್ಗದ ಬ್ರಷ್, ಫೈಬರ್‌ಗ್ಲಾಸ್ ಜಾಲರಿ ಟೇಪು, ಡಕ್ಟಿಗೆಂದು ಪರೀಕ್ಷೆ ಮಾಡಿ ಒಪ್ಪಿದ ಗುರುತಾದ ಯುಎಲ್ 181 ಎಂದು ಅಚ್ಚಾಗಿರುವ ಫಾಯಿಲ್ ಟೇಪು. ಮ್ಯಾಸ್ಟಿಕ್ ಎಂದರೆ ಡಕ್ಟಿಗೆಂದೇ ಮಾಡಿದ, ಶ್ರೀಖಂಡದಷ್ಟು ಗಟ್ಟಿಯಿರುವ ಬಳಿಯುವ ಮೇಣ. ಒಣಗಿದ ಮೇಲೂ ಸ್ವಲ್ಪ ಬಾಗುತ್ತದೆ, ಬಿರುಕು ಬಿಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಕೆಟ್ಟಿನಲ್ಲಿ ಸಿಗುತ್ತದೆ.

ಡಕ್ಟ್ ಟೇಪ್ ಎಂದು ಕರೆಯುವ ಆ ಬೂದು ಬಣ್ಣದ ಬಟ್ಟೆ ಟೇಪನ್ನು ಮಾತ್ರ ತರಬೇಡಿ. ಹೆಸರೇ ಮೋಸ. 1998ರಲ್ಲಿ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್ ಮತ್ತು ಇಯನ್ ವಾಕರ್ ಬಗೆಬಗೆಯ ಟೇಪು, ಮೇಣಗಳನ್ನು ಬಿಸಿ ಮತ್ತು ತಂಪು ಗಾಳಿಗೆ ಒಡ್ಡಿ ಪರೀಕ್ಷೆ ಮಾಡಿದರು. ಡಕ್ಟಿನ ಕೀಲಿನ ಮೇಲೆ ನಿಲ್ಲದೆ ಸೋತದ್ದು ಇದೇ ಬಟ್ಟೆ ಟೇಪು. ಬಿಸಿಗೆ ಅದರ ಅಂಟು ಒಣಗಿ ಬಿಟ್ಟುಕೊಳ್ಳುತ್ತದೆ. ಹಳೆ ಮನೆಯ ಅಟ್ಟ ಹತ್ತಿದರೆ ಕೀಲಿನಿಂದ ಜೋತಾಡುವ ಬೂದು ಪಟ್ಟಿಗಳು ನಿಮಗೂ ಕಾಣುತ್ತವೆ.

1. ಮೊದಲು ಕಾರ್ಬನ್ ಮಾನಾಕ್ಸೈಡ್ ಅಲಾರಂ

ಧೂಳು ಕೆಮ್ಮು ತರಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಜೀವವನ್ನೇ ತೆಗೆಯುತ್ತದೆ. ಗ್ಯಾಸ್ ಫರ್ನೇಸ್, ಗ್ಯಾಸ್ ವಾಟರ್ ಹೀಟರ್ ಅಥವಾ ಮನೆಗೆ ಅಂಟಿಕೊಂಡ ಗ್ಯಾರೇಜ್ ಇದ್ದರೆ ಈ ಹೆಜ್ಜೆ ಬಿಡಬೇಡಿ.

ಡಕ್ಟ್ ಸೋರಿಕೆಗೂ ಇದಕ್ಕೂ ಸಂಬಂಧ ಇಷ್ಟು. ಹಳೆಯ ಬಗೆಯ ಗ್ಯಾಸ್ ವಾಟರ್ ಹೀಟರಿನ ತಲೆಯ ಮೇಲೆ ಕೊಡೆಯಂಥ ಮುಚ್ಚಳ ಇರುತ್ತದೆ. ಅದರಡಿ ಸಂದಿ ಬಿಟ್ಟಿರುತ್ತಾರೆ. ಹೊಗೆ ಬಿಸಿಯಾಗಿರುವುದರಿಂದ ತಾನಾಗಿ ಮೇಲೇರಿ ಚಿಮಣಿಯಲ್ಲಿ ಹೋಗುತ್ತದೆ. ಅದನ್ನು ತಳ್ಳಲು ಫ್ಯಾನ್ ಇರುವುದಿಲ್ಲ. ಅದೇ ಚಿಕ್ಕ ಕೋಣೆಯಲ್ಲಿ ರಿಟರ್ನ್ ಡಕ್ಟ್ ಸೋರುತ್ತಿದ್ದರೆ ಪೆಟ್ಟಿಗೆಯ ಫ್ಯಾನ್ ಅಲ್ಲಿನ ಗಾಳಿಯನ್ನೆಲ್ಲ ಹೀರುತ್ತದೆ. ಮೇಲೆ ಹೋಗಬೇಕಾದ ಹೊಗೆ ಹಿಂದಕ್ಕೆ ತಿರುಗಿ ಕೋಣೆಗೆ ಇಳಿಯುತ್ತದೆ. ಇದಕ್ಕೆ ಬ್ಯಾಕ್‌ಡ್ರಾಫ್ಟ್ ಅನ್ನುತ್ತಾರೆ. ಆ ಹೊಗೆ ಮತ್ತೆ ಅದೇ ತೂತಿನಿಂದ ಡಕ್ಟ್ ಸೇರಿ ಎಲ್ಲ ಬೆಡ್‌ರೂಮಿಗೂ ಹಂಚಿಕೆಯಾಗುತ್ತದೆ.

ಹೀಟರಿನ ತಲೆಯ ಸುತ್ತ ಮಸಿ, ತುಕ್ಕು ಅಥವಾ ನೀರಿನ ಪೈಪಿನ ಪ್ಲಾಸ್ಟಿಕ್ ಬಳೆ ಕರಗಿದ್ದು ಕಂಡರೆ ಈಗಾಗಲೇ ಹೀಗೆ ಆಗಿರುವ ಗುರುತು. ಇಲ್ಲಿಗೇ ನಿಲ್ಲಿಸಿ, ತಂತ್ರಜ್ಞರನ್ನು ಕರೆಸಿ.

ಪ್ರತಿ ಮಹಡಿಯಲ್ಲೂ ಮಲಗುವ ಕೋಣೆಗಳ ಹತ್ತಿರ ಒಂದೊಂದು ಅಲಾರಂ ಇರಲಿ. ಹಳೆಯದಿದ್ದರೆ ಹಿಂದೆ ಬರೆದಿರುವ ಮುಕ್ತಾಯದ ವರ್ಷ ನೋಡಿ. ಬ್ಯಾಟರಿ ಬದಲಿಸಿದರೆ ಸಾಲದು, ಒಳಗಿನ ಸೆನ್ಸರೇ ಕೆಲ ವರ್ಷಕ್ಕೆ ಸಾಯುತ್ತದೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದರೆ ವಾಸಿಯಾಗುತ್ತಿದ್ದರೆ ಜ್ವರ ಎಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ಎಲ್ಲರೂ ಹೊರಗೆ ಬಂದು 911ಕ್ಕೆ ಕರೆ ಮಾಡಿ.

2. ಡಕ್ಟ್ ಎಲ್ಲಿ ಓಡುತ್ತದೆ ಎಂದು ತಿಳಿದುಕೊಳ್ಳಿ

ಟೆಕ್ಸಾಸ್, ಅರಿಜೋನಾ, ಫ್ಲೋರಿಡಾದಲ್ಲಿ ಹೆಚ್ಚಾಗಿ ಅಟ್ಟದಲ್ಲಿ. ನ್ಯೂಜೆರ್ಸಿ, ಮಿಶಿಗನ್, ಶಿಕಾಗೋ ಕಡೆ ಬೇಸ್‌ಮೆಂಟಿನಲ್ಲಿ. ಕೆರೊಲಿನಾಗಳಲ್ಲಿ, ಬೇ ಏರಿಯಾದ ಹಳೆ ಮನೆಗಳಲ್ಲಿ ನೆಲಕ್ಕೂ ಮಣ್ಣಿಗೂ ನಡುವಿನ ತೆವಳಿಕೊಂಡು ಹೋಗುವ ಜಾಗದಲ್ಲಿ, ಅಂದರೆ ಕ್ರಾಲ್‌ಸ್ಪೇಸಿನಲ್ಲಿ. ಕಾಗದದ ಮೇಲೆ ಪೆಟ್ಟಿಗೆ, ರಿಟರ್ನ್ ಜಾಲರಿ, ಎಲ್ಲ ರಿಜಿಸ್ಟರುಗಳನ್ನು ಗುರುತು ಮಾಡಿಕೊಳ್ಳಿ.

ಎರಡು ಜಾಗಗಳ ಮೇಲೆ ಹೆಚ್ಚು ಅನುಮಾನ ಇರಲಿ. ಒಂದು, ಪಶ್ಚಿಮದ ರಾಜ್ಯಗಳಲ್ಲಿ ಫರ್ನೇಸನ್ನು ಮರದ ಕಟ್ಟೆಯ ಮೇಲೆ ಕೂರಿಸಿ, ಆ ಟೊಳ್ಳು ಕಟ್ಟೆಯನ್ನೇ ರಿಟರ್ನ್ ಆಗಿ ಬಳಸುವ ರೂಢಿ ಇತ್ತು. ಅಂಥ ಕಟ್ಟೆ ಗ್ಯಾರೇಜಿನಲ್ಲಿದ್ದರೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದ ಹೊಗೆ ನೇರವಾಗಿ ಮಗುವಿನ ಕೋಣೆಗೆ ಹೋಗಲು ದಾರಿ ಸಿದ್ಧವಿರುತ್ತದೆ. ಎರಡನೆಯದು, ಬೇಸ್‌ಮೆಂಟ್ ಮನೆಗಳಲ್ಲಿ ಎರಡು ಮರದ ತೊಲೆಗಳ ನಡುವೆ ತಗಡು ಹೊಡೆದು ಮಾಡಿದ ರಿಟರ್ನ್. ನೋಡಲು ಡಕ್ಟ್ ಇದ್ದಂತೆ ಇರುತ್ತದೆ, ಆದರೆ ನಾಲ್ಕೂ ಕಡೆ ಸಂದಿ.

ಬೇಸ್‌ಮೆಂಟ್ ಇರುವವರು ಒಂದು ರೇಡಾನ್ ಕಿಟ್ಟನ್ನೂ ತನ್ನಿ. ಮಣ್ಣಿನಿಂದ ಏಳುವ, ಬಣ್ಣ ವಾಸನೆ ಇಲ್ಲದ ವಿಕಿರಣ ಅನಿಲ ರೇಡಾನ್. ಬಹಳ ವರ್ಷ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚಿದ್ದರೆ ಸರಿಪಡಿಸಿ ಎನ್ನುತ್ತದೆ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಬೇಸ್‌ಮೆಂಟಿನಲ್ಲಿ ಸೋರುವ ರಿಟರ್ನ್ ಈ ಅನಿಲವನ್ನು ಮೇಲಿನ ಮಹಡಿಗೂ ಸಾಗಿಸುತ್ತದೆ. ಡಕ್ಟ್ ಮುಚ್ಚಿದರೆ ಸಾಗಾಟ ಕಡಿಮೆಯಾಗಬಹುದು, ರೇಡಾನ್ ಹೋಗುವುದಿಲ್ಲ. ಅದಕ್ಕೆ ಬೇರೆಯದೇ ಕೆಲಸ ಮಾಡಿಸಬೇಕು.

3. ಮನೆಯೊಳಗಿನ ಗುರುತುಗಳು

ಅಟ್ಟ ಹತ್ತುವ ಮುಂಚೆ ಕೋಣೆಗಳನ್ನು ಒಂದು ಸುತ್ತು ಹಾಕಿ. ರಿಜಿಸ್ಟರಿನ ಸುತ್ತ ಸೀಲಿಂಗಿನ ಮೇಲೆ ಕಪ್ಪು ಗೆರೆ ಇದೆಯಾ? ಅಲ್ಲಿ ಡಕ್ಟಿನ ಬಾಯಿ ಸೀಲಿಂಗಿಗೆ ಸರಿಯಾಗಿ ಕೂತಿಲ್ಲ. ಸೆಕೆಯ ಊರಿನಲ್ಲಿ ಅದು ಧೂಳಾಗಿರದೆ, ತೇವಕ್ಕೆ ಹಿಡಿದ ಬೂಸ್ಟೂ ಆಗಿರಬಹುದು. ಕಾರ್ಪೆಟ್ಟಿನ ಅಂಚಿನುದ್ದಕ್ಕೂ, ಮುಚ್ಚಿಟ್ಟ ಬಾಗಿಲಿನಡಿ ಬೂದು ಗೆರೆ ಕಂಡರೆ ಅಲ್ಲಿಂದ ಗಾಳಿ ಒತ್ತಡದಲ್ಲಿ ಹಾಯುತ್ತಿದೆ, ಕಾರ್ಪೆಟ್ಟೇ ಫಿಲ್ಟರ್ ಆಗಿದೆ ಎಂದರ್ಥ.

ಫಿಲ್ಟರ್ ತೆಗೆದು ನೋಡಿ. ಎಲ್ಲ ಕಡೆ ಒಂದೇ ಸಮ ಕೊಳೆಯಾಗಿದ್ದರೆ ಸರಿ. ಫಿಲ್ಟರ್ ಬೆಳ್ಳಗಿದ್ದು, ಅದರಾಚೆಯ ಫ್ಯಾನಿನ ಮೇಲೆ ಧೂಳು ಕೂತಿದ್ದರೆ ಗಾಳಿ ಫಿಲ್ಟರಿಗೆ ಚಕ್ಕರ್ ಕೊಟ್ಟು ಬೇರೆ ದಾರಿಯಲ್ಲಿ ಬರುತ್ತಿದೆ. ಆ ಬೇರೆ ದಾರಿಯೇ ನಾವು ಹುಡುಕುತ್ತಿರುವ ತೂತು.

4. ಬಾಗಿಲ ಸಂದಿಯಲ್ಲಿ ಊದುಬತ್ತಿ

ಗಾಳಿ ಬೀಸದ ದಿನ ಮಾಡಿ. ಕಿಟಕಿಗಳೆಲ್ಲ ಮುಚ್ಚಿರಲಿ, ಒಳಗಿನ ಬಾಗಿಲುಗಳೆಲ್ಲ ತೆರೆದಿರಲಿ. ಬಾತ್‌ರೂಮ್ ಫ್ಯಾನ್, ಅಡುಗೆಮನೆ ಫ್ಯಾನ್, ಬಟ್ಟೆ ಡ್ರೈಯರ್ ಆಫ್. ಥರ್ಮೋಸ್ಟಾಟಿನಲ್ಲಿ ಫ್ಯಾನನ್ನು ಆಟೋದಿಂದ ಆನ್‌ಗೆ ಹಾಕಿ. ಮುಂಬಾಗಿಲನ್ನು ಒಂದು ಬೆರಳಷ್ಟು ತೆರೆದು, ಸಂದಿಯ ಹತ್ತಿರ ಊದುಬತ್ತಿ ಹಿಡಿಯಿರಿ.

ಫ್ಯಾನ್ ಓಡುವಾಗ ಹೊಗೆ ಮನೆಯೊಳಗೆ ಎಳೆದರೆ ಸಪ್ಲೈ ಕಡೆ ಹೆಚ್ಚು ಸೋರುತ್ತಿದೆ. ಹೊರಕ್ಕೆ ತಳ್ಳಿದರೆ ರಿಟರ್ನ್ ಹೊರಗಿನ ಗಾಳಿಯನ್ನು ಹೀರಿ ಮನೆ ಉಬ್ಬಿಸುತ್ತಿದೆ. ಫ್ಯಾನ್ ಆಫ್ ಮಾಡಿ ಮತ್ತೆ ನೋಡಿ, ವ್ಯತ್ಯಾಸ ಮುಖ್ಯ. ಹೊಗೆ ಅಲುಗದೆ ನಿಂತರೆ ಎಲ್ಲ ಸರಿ ಎಂದು ಕೈ ತೊಳೆದುಕೊಳ್ಳಬೇಡಿ. ಎರಡೂ ಕಡೆ ಸಮಸಮ ಸೋರುತ್ತಿದ್ದರೂ ಹಾಗೇ ಕಾಣುತ್ತದೆ.

ಈಗ ಬೆಡ್‌ರೂಮಿನ ಬಾಗಿಲುಗಳನ್ನು ಮುಚ್ಚಿ ಇನ್ನೊಂದು ಸಲ ಮಾಡಿ. ಈ ಸಲ ಮಾತ್ರ ಹೊಗೆ ಜೋರಾಗಿ ಒಳಗೆ ಎಳೆದರೆ ಅದು ಡಕ್ಟಿನ ತೂತಲ್ಲ. ಕೋಣೆಗೆ ಗಾಳಿ ಬರುತ್ತಿದೆ, ವಾಪಸ್ ಹೋಗಲು ದಾರಿ ಇಲ್ಲ. ಬಾಗಿಲಿನ ತಳ ಸ್ವಲ್ಪ ಕೊಯ್ದರೆ ಅಥವಾ ಬಾಗಿಲ ಮೇಲೆ ಜಾಲರಿ ಕೂರಿಸಿದರೆ ಸರಿಹೋಗುತ್ತದೆ.

ಬೇಸ್‌ಮೆಂಟಿನಲ್ಲಿ ಕಣ್ಣಿಗೆ ಕಾಣುವ ಡಕ್ಟಿನ ಕೀಲುಗಳ ಉದ್ದಕ್ಕೂ ಊದುಬತ್ತಿ ಆಡಿಸಬಹುದು. ಸಪ್ಲೈ ತೂತು ಹೊಗೆಯನ್ನು ಊದುತ್ತದೆ, ರಿಟರ್ನ್ ತೂತು ನುಂಗುತ್ತದೆ. ಅಟ್ಟದಲ್ಲಿ, ಕ್ರಾಲ್‌ಸ್ಪೇಸಿನಲ್ಲಿ ಮಾತ್ರ ಬೆಂಕಿ ಬೇಡ. ಅಲ್ಲಿ ಕಡ್ಡಿಗೆ ಟಿಶ್ಯೂ ಪೇಪರಿನ ಎಳೆ ಕಟ್ಟಿಕೊಳ್ಳಿ, ಅದೇ ಕೆಲಸ ಮಾಡುತ್ತದೆ. ಗ್ಯಾಸ್ ವಾಸನೆ ಇದ್ದರೆ ಊದುಬತ್ತಿಯೂ ಬೇಡ, ಸ್ವಿಚ್ಚೂ ಬೇಡ. ಹೊರಗೆ ಬಂದು ಗ್ಯಾಸ್ ಕಂಪನಿಗೆ ಕರೆ ಮಾಡಿ.

5. ಅಟ್ಟ ಹತ್ತುವ ಮುಂಚೆ

ಬೇಸಿಗೆಯಲ್ಲಿ ಟೆಕ್ಸಾಸಿನ ಅಟ್ಟ 130 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಬೆಳಗಿನ ಜಾವವೇ ಹತ್ತಿ, ಕೆಳಗೆ ಒಬ್ಬರು ಇರಲಿ. ಕಾಲಿಡುವುದು ಮರದ ತೊಲೆಯ ಮೇಲೆ ಮಾತ್ರ. ನಡುವೆ ಕಾಣುವುದು ಬರೀ ಸೀಲಿಂಗ್ ಹಲಗೆ, ಕಾಲಿಟ್ಟರೆ ನೇರ ಹಾಲಿಗೆ ಇಳಿಯುತ್ತೀರಿ.

ಮನೆ 1980ಕ್ಕಿಂತ ಹಳೆಯದಾಗಿದ್ದು, ಡಕ್ಟಿನ ಕೀಲುಗಳ ಮೇಲೆ ಬಿಳಿ ಕಾಗದದಂಥ ಪಟ್ಟಿ ಅಥವಾ ಬಿಳಿ ಸುತ್ತು ಕಂಡರೆ ಮುಟ್ಟಬೇಡಿ. ಅದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಆಗಿರಬಹುದು. ಕೆರೆದರೆ ನಾರು ಹಾರಿ ಶ್ವಾಸಕೋಶ ಸೇರುತ್ತದೆ. ಅಟ್ಟದಲ್ಲಿ ಹೊಳೆಯುವ ಕಂದು ಬೂದು ಹರಳುಗಳಂಥ ಇನ್ಸುಲೇಶನ್ ಹರಡಿದ್ದರೂ ಅಷ್ಟೇ. ಅದು ವರ್ಮಿಕ್ಯುಲೈಟ್. ಮೊಂಟಾನಾದ ಲಿಬ್ಬಿ ಗಣಿಯಿಂದ 1990ರವರೆಗೂ ಬಂದ ವರ್ಮಿಕ್ಯುಲೈಟಿನಲ್ಲಿ ಆಸ್‌ಬೆಸ್ಟಾಸ್ ಬೆರೆತಿತ್ತು. ಎರಡೂ ಸಂದರ್ಭದಲ್ಲಿ ಪರವಾನಗಿ ಇರುವವರಿಂದ ಪರೀಕ್ಷೆ ಮಾಡಿಸಿ. ಎನ್95 ಮಾಸ್ಕ್ ಇದಕ್ಕೆ ಸಾಲುವುದಿಲ್ಲ.

6. ಯಾವ ತೂತನ್ನು ಮೊದಲು ಮುಚ್ಚಬೇಕು

ಪೆಟ್ಟಿಗೆಯ ಹತ್ತಿರ ಒತ್ತಡ ಜಾಸ್ತಿ. ಅಲ್ಲಿನ ಕಾಲಿಂಚಿನ ಸಂದಿ ದೂರದ ಕೋಣೆಯ ದೊಡ್ಡ ತೂತಿಗಿಂತ ಹೆಚ್ಚು ಸೋರುತ್ತದೆ. ಮೊದಲ ಸಲ ಇದು ಗೊತ್ತಿಲ್ಲದೆ ನಾನು ರಿಜಿಸ್ಟರುಗಳಿಂದ ಶುರು ಮಾಡಿ ಎರಡು ಶನಿವಾರ ಕಳೆದೆ. ಪೆಟ್ಟಿಗೆಯ ಫಿಲ್ಟರ್ ಜಾಗಕ್ಕೆ ಮುಚ್ಚಳವೇ ಇರಲಿಲ್ಲ, ಅದು ಕಣ್ಣೆದುರಿಗೇ ಇತ್ತು.

ಥರ್ಮೋಸ್ಟಾಟ್ ಆಫ್ ಮಾಡಿ, ಪೆಟ್ಟಿಗೆಯ ಸ್ವಿಚ್ಚನ್ನೂ ಆಫ್ ಮಾಡಿ. ಶುರು ಮಾಡುವುದು ಫಿಲ್ಟರ್ ಜಾರಿಸುವ ಬಾಯಿಯಿಂದ. ಇದಕ್ಕೆ ಅಯಸ್ಕಾಂತದ ಪಟ್ಟಿಯ ಮುಚ್ಚಳ ಸಿಗುತ್ತದೆ. ಮೇಣ ಮೆತ್ತಬೇಡಿ, ನಾಳೆ ಫಿಲ್ಟರ್ ಬದಲಿಸಬೇಕಲ್ಲ. ಪೆಟ್ಟಿಗೆಯ ಬಾಗಿಲಿನ ಸಂದಿಗೂ ಟೇಪೇ ಸರಿ. ಆಮೇಲೆ ಪೆಟ್ಟಿಗೆ ಮತ್ತು ರಿಟರ್ನ್ ಡಕ್ಟ್ ಸೇರುವ ಕೀಲು, ವೈರು ಮತ್ತು ಪೈಪು ತೂರುವ ತೂತುಗಳು. ಆಮೇಲೆ ರಿಟರ್ನ್‌ನ ಇಡೀ ಉದ್ದ. ಗೋಡೆಯೊಳಗಿನ ಟೊಳ್ಳನ್ನೇ ರಿಟರ್ನ್ ಮಾಡಿದ್ದರೆ ಜಾಲರಿ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ಇಟ್ಟಿಗೆ ಚೂರು, ಮರದ ಪುಡಿ, ಮೇಲಕ್ಕೆ ನೋಡಿದರೆ ನೇರವಾಗಿ ಅಟ್ಟ, ಏನೇನೋ ಕಾಣಬಹುದು. ಸಂದಿಗಳಿಗೆ ಮ್ಯಾಸ್ಟಿಕ್, ದೊಡ್ಡ ಬಾಯಿಗೆ ತಗಡು ಅಥವಾ ಡಕ್ಟ್ ಬೋರ್ಡ್ ಎಂಬ ಫೈಬರ್‌ಗ್ಲಾಸ್ ಹಲಗೆಯ ತುಂಡು.

ರಿಟರ್ನ್ ಪೂರ್ತಿ ಮುಗಿದ ಮೇಲೆ ಸಪ್ಲೈ. ಪೆಟ್ಟಿಗೆಯಿಂದ ಹೊರಟ ದೊಡ್ಡ ಡಕ್ಟಿಗೆ ಕೋಣೆಗಳ ಕೊಳವೆ ಕೂಡುವ ಜಾಗಗಳು, ಕೊನೆಗೆ ಸೀಲಿಂಗಿನ ರಿಜಿಸ್ಟರುಗಳು. ರಿಜಿಸ್ಟರ್ ಬಿಚ್ಚಿದರೆ ತಗಡಿನ ಬಾಯಿಗೂ ಸೀಲಿಂಗಿಗೂ ನಡುವೆ ಸಂದಿ ಕಾಣುತ್ತದೆ. ಅದನ್ನು ಒಳಗಿನಿಂದಲೇ ಮುಚ್ಚಬಹುದು, ಅಟ್ಟ ಹತ್ತಬೇಕಿಲ್ಲ.

ಮ್ಯಾಸ್ಟಿಕ್ ಬಳಿಯುವುದು ಸುಲಭ. ಜಾಗ ಒರೆಸಿ, ಕೀಲಿನ ಎರಡೂ ಕಡೆ ಒಂದೊಂದು ಇಂಚು ಬರುವಂತೆ, ಒಂದು ನಿಕ್ಕಲ್ ನಾಣ್ಯದಷ್ಟು ದಪ್ಪ ಬಳಿಯಿರಿ. ಕಾಲಿಂಚಿಗಿಂತ ಅಗಲದ ಸಂದಿಗೆ ಮೊದಲು ಜಾಲರಿ ಟೇಪು ಅಂಟಿಸಿ ಅದರ ಮೇಲೆ ಬಳಿಯಿರಿ. ಪೂರ್ತಿ ಒಣಗುವವರೆಗೆ, ಸುಮಾರು ಒಂದು ದಿನ, ಫ್ಯಾನ್ ಹಾಕಬೇಡಿ.

ಸುರುಳಿ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಇನ್ಸುಲೇಶನ್ ಸುತ್ತಿದ ಬಾಗುವ ಕೊಳವೆ ಇದ್ದರೆ ಅದು ಫ್ಲೆಕ್ಸ್ ಡಕ್ಟ್. ಇದರಲ್ಲಿ ಗಾಳಿ ಓಡುವುದು ಒಳಗಿನ ಪದರದಲ್ಲಿ. ಹೊರಗಿನ ಹೊದಿಕೆಗೆ ಟೇಪು ಸುತ್ತಿ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಹೊದಿಕೆ ಸರಿಸಿ, ಒಳಪದರವನ್ನು ತಗಡಿನ ಕೊರಳಿನ ಮೇಲೆ ಎಳೆದು, ಮ್ಯಾಸ್ಟಿಕ್ ಹಚ್ಚಿ, ನೈಲಾನ್ ಪಟ್ಟಿಯಿಂದ ಬಿಗಿದು, ಆಮೇಲೆ ಇನ್ಸುಲೇಶನ್ ವಾಪಸ್ ಎಳೆದು ಇನ್ನೊಂದು ಪಟ್ಟಿ ಬಿಗಿಯಬೇಕು. ಇಲಿ ಕಡಿದಿದ್ದರೆ ತೇಪೆ ಹಾಕಬೇಡಿ, ಆ ತುಂಡನ್ನೇ ಬದಲಿಸಿ.

ಮುಚ್ಚಬಾರದ ತೂತುಗಳೂ ಇವೆ. ಉತ್ಸಾಹದಲ್ಲಿ ಇವನ್ನೂ ಮುಚ್ಚಿ ಅಪಾಯ ತಂದುಕೊಳ್ಳುವವರಿದ್ದಾರೆ. ಗ್ಯಾಸ್ ಫರ್ನೇಸ್ ಇರುವ ಚಿಕ್ಕ ಕೋಣೆಯ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಜಾಲರಿ ಇದ್ದರೆ ಅದು ಬೆಂಕಿಗೆ ಬೇಕಾದ ಗಾಳಿ ಬರುವ ದಾರಿ. ವಾಟರ್ ಹೀಟರಿನ ಕೊಡೆಯಡಿಯ ಸಂದಿ ಬೇಕೆಂದೇ ಬಿಟ್ಟಿರುವುದು. ಹೊಗೆ ಹೋಗುವ ಕೊಳವೆಗೆ ಮ್ಯಾಸ್ಟಿಕ್ ತಾಕಿಸಬೇಡಿ. ಹೊರಗಿನಿಂದ ಬಂದು ರಿಟರ್ನ್‌ಗೆ ಕೂಡುವ, ಮುಚ್ಚಳವಿರುವ ಸಣ್ಣ ಕೊಳವೆ ತಾಜಾ ಗಾಳಿಗೆಂದು ಹಾಕಿರುವುದು, ಅದು ಸೋರಿಕೆಯಲ್ಲ. ಬಟ್ಟೆ ಡ್ರೈಯರಿನ ಕೊಳವೆಯಂತೂ ಈ ಲೆಕ್ಕಕ್ಕೇ ಸೇರುವುದಿಲ್ಲ.

7. ಫಿಲ್ಟರ್

ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂಬುದಕ್ಕೆ ಮೆರ್ವ್ ಎಂಬ ಅಂಕ ಕೊಡುತ್ತಾರೆ. ಹೊಗೆಯಂಥ ನವಿರು ಕಣಕ್ಕೆ ಮೆರ್ವ್ 13 ಬೇಕು. 0.3ರಿಂದ 1 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಅರ್ಧದಷ್ಟನ್ನು ಅದು ಹಿಡಿಯುತ್ತದೆ. ಹಳೆ ಪೆಟ್ಟಿಗೆಯ ಒಂದಿಂಚಿನ ಜಾಗಕ್ಕೆ ಏಕಾಏಕಿ ಮೆರ್ವ್ 13 ತುರುಕಿದರೆ ಫ್ಯಾನಿಗೆ ಉಸಿರು ಕಟ್ಟುತ್ತದೆ. ಆಗ ರಿಟರ್ನ್‌ನ ಎಳೆತ ಇನ್ನೂ ಜಾಸ್ತಿಯಾಗಿ, ಉಳಿದ ತೂತುಗಳಿಂದ ಹೀರುವುದೂ ಹೆಚ್ಚಾಗುತ್ತದೆ. ಅದಕ್ಕೇ ಡಕ್ಟ್ ಮೊದಲು, ಒಳ್ಳೆ ಫಿಲ್ಟರ್ ಆಮೇಲೆ. ತಿಂಗಳಿಗೊಮ್ಮೆ ತೆಗೆದು ನೋಡಿ, ಮೂರು ತಿಂಗಳಿಗಾದರೂ ಬದಲಿಸಿ. ಬಾಣದ ಗುರುತು ಪೆಟ್ಟಿಗೆಯ ಕಡೆಗಿರಲಿ.

2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಕಾಡ್ಗಿಚ್ಚಿಗೆ ಸುಟ್ಟಾಗ ಬೇ ಏರಿಯಾದವರು, 2023ರ ಜೂನಿನಲ್ಲಿ ಕ್ಯುಬೆಕ್ ಕಾಡ್ಗಿಚ್ಚಿನ ಹೊಗೆ ಬಂದಾಗ ನ್ಯೂಜೆರ್ಸಿಯವರು ಕಿಟಕಿ ಮುಚ್ಚಿ ಕೂತಿದ್ದು ನೆನಪಿರಬಹುದು. ಅಂಥ ದಿನ ಮೆರ್ವ್ 13 ಹಾಕಿ ಫ್ಯಾನನ್ನು ಆನ್‌ನಲ್ಲೇ ಬಿಡಿ ಎನ್ನುತ್ತಾರೆ. ಒಳ್ಳೆಯ ಸಲಹೆಯೇ. ಆದರೆ ಫಿಲ್ಟರಿನ ಆಚೆ ರಿಟರ್ನ್ ಸೋರುತ್ತಿದ್ದರೆ ಆ ಫ್ಯಾನು ಇಡೀ ದಿನ ಅಟ್ಟದ ಹೊಗೆಯನ್ನು ಒಳಗೆ ತುಂಬುತ್ತದೆ. ತಾಜಾ ಗಾಳಿಯ ಕೊಳವೆ ಇದ್ದರೆ ಹೊಗೆ ಇರುವಷ್ಟು ದಿನ ಅದರ ಮುಚ್ಚಳ ಹಾಕಿ.

ಒಗ್ಗರಣೆ ಹೊಗೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಾಸಿವೆ, ಒಣಮೆಣಸಿನಕಾಯಿ ಸಿಡಿಸಿದ ಘಾಟು ಇಡೀ ಮನೆಗೆ ಹರಡುವುದು ಡಕ್ಟ್ ಸೋರಿಕೆಯಿಂದಲ್ಲ. ಒಲೆಯ ಮೇಲಿನ ಮೈಕ್ರೊವೇವ್ ಫ್ಯಾನ್ ಎಷ್ಟೋ ಮನೆಗಳಲ್ಲಿ ಗಾಳಿಯನ್ನು ಹೊರಗೆ ಹಾಕುವುದೇ ಇಲ್ಲ, ಎಳೆದು ವಾಪಸ್ ಮುಖಕ್ಕೇ ಊದುತ್ತದೆ. ಹೊರಗೆ ಹೋಗುವ ಕೊಳವೆ ಇದೆಯಾ ಎಂದು ನೋಡಿ. ದಿನಾ ಹಚ್ಚುವ ಊದುಬತ್ತಿಯೂ ಹೊಗೆಯೇ, ದೇವರ ಮನೆಯದಾದರೂ.

8. ಕೆಲಸದವರನ್ನು ಕರೆಸುವುದಾದರೆ

ಅಳೆಯದೆ ಮುಚ್ಚುವವರಿಗೆ ಕೆಲಸ ಕೊಡಬೇಡಿ. ರಿಜಿಸ್ಟರುಗಳನ್ನೆಲ್ಲ ಮುಚ್ಚಿ, ಡಕ್ಟಿಗೆ ಒಂದು ಫ್ಯಾನ್ ಕೂರಿಸಿ, 25 ಪ್ಯಾಸ್ಕಲ್ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಘನ ಅಡಿ ಸೋರುತ್ತದೆ ಎಂದು ಅಳೆಯುತ್ತಾರೆ. ಇದು ಡಕ್ಟ್ ಬ್ಲಾಸ್ಟರ್ ಪರೀಕ್ಷೆ. ಹೊಸ ಮನೆಗಳಿಗೆ ಅನೇಕ ರಾಜ್ಯಗಳು ಅನುಸರಿಸುವ ಮಾದರಿ ನಿಯಮದಲ್ಲಿ ಪ್ರತಿ 100 ಚದರಡಿಗೆ 4 ಘನ ಅಡಿ ಎಂಬ ಮಿತಿ ಇದೆ. ಅಂದರೆ 2,000 ಚದರಡಿಯ ಮನೆಗೆ 80. ಹಳೆ ಮನೆ ಅಲ್ಲಿಗೆ ಮುಟ್ಟದಿರಬಹುದು. ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡು ಸಂಖ್ಯೆಗಳನ್ನು ಬರಹದಲ್ಲಿ ಕೇಳಿ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕಡೆ ಫರ್ನೇಸ್ ಅಥವಾ ಎಸಿ ಬದಲಿಸಿದಾಗ ಈ ಪರೀಕ್ಷೆ ಮಾಡಿಸಲೇಬೇಕೆಂಬ ನಿಯಮವಿದೆ. "ಪರ್ಮಿಟ್ ಇಲ್ಲದೆ ಕಡಿಮೆಗೆ ಮಾಡಿಕೊಡ್ತೀವಿ" ಎನ್ನುವವರು ಕೈಬಿಡುವುದು ಇದನ್ನೇ.

ಗೋಡೆಯೊಳಗೆ ಹುದುಗಿದ, ಕೈಗೆ ಸಿಗದ ಡಕ್ಟಿಗೆ ಏರೋಸೀಲ್ ಎಂಬ ವಿಧಾನವಿದೆ. 1990ರ ದಶಕದಲ್ಲಿ ಅದೇ ಬರ್ಕ್‌ಲಿ ಪ್ರಯೋಗಾಲಯದಲ್ಲಿ ಮಾರ್ಕ್ ಮೊಡೇರಾ ರೂಪಿಸಿದ್ದು. ಅಂಟಿನ ನವಿರು ಹನಿಗಳನ್ನು ಒಳಗಿನಿಂದ ಊದುತ್ತಾರೆ. ಗಾಳಿ ತಪ್ಪಿಸಿಕೊಳ್ಳುವ ತೂತಿನ ಅಂಚಿನಲ್ಲಿ ಹನಿಗಳು ಕೂತು ಕೂತು ಮುಚ್ಚಿಕೊಳ್ಳುತ್ತದೆ. ಸಣ್ಣ ಸಂದಿಗಳಿಗೆ ಚೆನ್ನ. ಕಳಚಿಬಿದ್ದ ಕೊಳವೆಯನ್ನು ಮಾತ್ರ ಕೈಯಿಂದಲೇ ಜೋಡಿಸಬೇಕು.

ಇನ್ನು ಡಕ್ಟ್ ಕ್ಲೀನಿಂಗ್. 99 ಡಾಲರಿಗೆ ಇಡೀ ಮನೆ ಎಂಬ ಫೋನ್ ಕರೆ ನಿಮಗೂ ಬಂದಿರುತ್ತದೆ. ಒಳಗೆ ಬಂದ ಮೇಲೆ ಬೂಸ್ಟಿನ ಫೋಟೋ ತೋರಿಸಿ ದರ ಏರಿಸುವುದು ಆ ದಂಧೆಯ ರೀತಿ. ಡಕ್ಟ್ ಕ್ಲೀನಿಂಗ್ ಆರೋಗ್ಯದ ತೊಂದರೆ ತಡೆಯುತ್ತದೆ ಎಂದು ಈವರೆಗೆ ಸಾಬೀತಾಗಿಲ್ಲ, ವರ್ಷವರ್ಷವೂ ಮಾಡಿಸಬೇಕಿಲ್ಲ ಎಂದು ಇಪಿಎ ಸ್ಪಷ್ಟವಾಗಿ ಹೇಳಿದೆ. ಡಕ್ಟಿನೊಳಗೆ ಕಣ್ಣಿಗೆ ಕಾಣುವಷ್ಟು ಬೂಸ್ಟು, ಇಲಿ ಹುಳುಗಳ ವಾಸ, ಅಥವಾ ರಿಜಿಸ್ಟರಿನಿಂದ ಧೂಳು ಉದುರುವಷ್ಟು ತುಂಬಿರುವುದು, ಈ ಮೂರರಲ್ಲಿ ಒಂದಿದ್ದರೆ ಮಾಡಿಸಿ. ಅದೂ ಸೋರಿಕೆ ಮುಚ್ಚಿಸಿದ ಮೇಲೆ. ಡಕ್ಟಿನೊಳಗೆ ಔಷಧಿ ಸಿಂಪಡಿಸುತ್ತೇವೆ ಎಂದರೆ ಬೇಡ ಎನ್ನಿ. ಓಝೋನ್ ಬಿಡುವ ಯಂತ್ರವಂತೂ ಬೇಡವೇ ಬೇಡ, ಅದು ಶ್ವಾಸಕೋಶಕ್ಕೇ ಕೆಟ್ಟದ್ದು.

ಬಾಡಿಗೆಗೆ ಇರುವವರು ಫಿಲ್ಟರ್, ಅಲಾರಂ, ಊದುಬತ್ತಿ ಪರೀಕ್ಷೆಗೆ ನಿಲ್ಲಿಸಿ. ಫೋಟೋ, ವಿಡಿಯೋ ತೆಗೆದು ಮನೆ ಮಾಲೀಕರಿಗೆ ಇಮೇಲಿನಲ್ಲೇ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಉಳಿಯುವುದಿಲ್ಲ.

9. ಮುಚ್ಚಿದ ಮೇಲೆ ಹೊಗೆಯ ದಾರಿ ಮತ್ತೆ ನೋಡಿ

ಡಕ್ಟ್ ಮುಚ್ಚಿದರೆ ಮನೆಯೊಳಗಿನ ಒತ್ತಡ ಬದಲಾಗುತ್ತದೆ. ಮೊದಲು ಸರಿಯಾಗಿ ಮೇಲೇರುತ್ತಿದ್ದ ವಾಟರ್ ಹೀಟರ್ ಹೊಗೆ ಈಗ ತಿರುಗಿಬಿಡಬಹುದು. ಗ್ಯಾಸ್ ಹೀಟರ್ ಇರುವವರು ಕೆಲಸ ಮುಗಿಸಿದ ದಿನವೇ ಇದನ್ನು ಮಾಡಿ.

ಕಿಟಕಿ, ಹೊರಬಾಗಿಲುಗಳನ್ನೆಲ್ಲ ಮುಚ್ಚಿ. ಬಾತ್‌ರೂಮ್ ಫ್ಯಾನುಗಳು, ಅಡುಗೆಮನೆ ಫ್ಯಾನ್, ಡ್ರೈಯರ್, ಪೆಟ್ಟಿಗೆಯ ಫ್ಯಾನ್ ಎಲ್ಲವನ್ನೂ ಒಟ್ಟಿಗೆ ಹಾಕಿ. ನಲ್ಲಿಯಲ್ಲಿ ಬಿಸಿನೀರು ಬಿಟ್ಟು ಹೀಟರ್ ಉರಿಯುವಂತೆ ಮಾಡಿ, ಐದು ನಿಮಿಷ ಕಾಯಿರಿ. ಈಗ ಕೊಡೆಯ ಸಂದಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಸಂದಿಯೊಳಗೆ ಸೇರಿ ಮೇಲೆ ಹೋದರೆ ಸರಿ. ಅಲ್ಲೇ ಸುಳಿದಾಡಿದರೆ ಅಥವಾ ನಿಮ್ಮ ಮುಖದ ಕಡೆ ತಿರುಗಿದರೆ ಹೀಟರ್ ಆಫ್ ಮಾಡಿ, ಕಿಟಕಿಗಳನ್ನು ತೆರೆಯಿರಿ. ತಂತ್ರಜ್ಞರು ಬಂದು ಅಳೆದು ನೋಡುವವರೆಗೆ ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.